ಇಸ್ತ್ರಿ ಮಾಡಿದ ಗೆರೆ

ಪರದೆಯ ಮೇಲೆ ಗೆರೆ ತೀರಾ ನೇರವಾಗಿದೆ, ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ, ಬಾಯ್ಲರ್ ಅನ್ನೋದು ಕುದಿಯುವ ವಸ್ತು, ಅದು ಹೀಗೆ ಸಾಧುವಾಗಿ ಕೂರುವುದಿಲ್ಲ ಎಂದುಕೊಂಡಳು – ಬೆಳಗಿನವರೆಗೆ ಈ ಒತ್ತಡದ ಮೀಟರ್ ಕೇಳಿದಾಗ ಮಾತ್ರ ಉತ್ತರ ಕೊಡುತ್ತಿತ್ತು, ಈಗ ಅವಳು ಕೇಬಲ್ ಎಳೆದು, ಮೀಟರೂ ಕಂಪ್ಯೂಟರೂ ಒಂದೇ ವೇಗದಲ್ಲಿ ಮಾತಾಡುವ ಹಾಗೆ ಹೊಂದಿಸಿ, ಕೇಳದಿದ್ದರೂ ಬಿಡದೆ ಕಂಪ್ಯೂಟರಿಗೆ ಅಂಕಿ ಕಳಿಸುತ್ತಿರು ಎಂದು ಅದಕ್ಕೆ ಕಲಿಸಿದ್ದಾಳೆ, ಕಳಿಸುತ್ತಲೂ ಇದೆ, ಆದರೆ ಏನನ್ನು, ಕೇಬಲ್ ಸಡಿಲವೇ, ಅಲ್ಲ, ಕೊನೆಯ ಅಂಕಿ ಮಿಸುಕಾಡುತ್ತಿದೆ, ಜೀವವಿದೆ, ಹಾಗಿದ್ದರೆ ಯಾರೋ ತಿದ್ದಿದ್ದಾರೆ, ಮೀಟರಿನ ಪೆಟ್ಟಿಗೆ ತೆರೆಯಲು ಕೀಲಿ ಬೇಕು, ಒಂದು ಅವಳ ಬಳಿ, ಇನ್ನೊಂದು ಅಣ್ಣನ ಸೊಂಟದಲ್ಲಿ. ಗಾಜಿನಾಚೆ ಬಾಯ್ಲರ್ ಮುಂದೆ ನಿಂತಿದ್ದಾನೆ ಅಣ್ಣ, ಬೆನ್ನು ಮಾತ್ರ ಕಾಣುತ್ತಿದೆ, ಈ ಬಣ್ಣದ ಮಿಲ್ಲಿಗೆಲ್ಲ ಹಬೆ ಕೊಡುವವನು, ಎಲ್ಲಾ ಸರಿಯಾಗಿದೆ ಕಣೇ ಅಂದಿದ್ದ ಬೆಳಿಗ್ಗೆ, ಅತ್ತಿಗೆ ಎಲ್ಲಿ ಅಂದಾಗಲೂ ಅದನ್ನೇ ಅಂದಿದ್ದ, ತವರಿಗೆ ಹೋಗಿದಾಳೆ, ಎಲ್ಲಾ ಸರಿಯಾಗಿದೆ – ಚಿಕ್ಕವನಿದ್ದಾಗ ಜ್ವರ ಬಂದರೆ ಅಮ್ಮ ನೋಡುವ ಮುಂಚೆ ಥರ್ಮಾಮೀಟರ್ ಕೊಡವಿಬಿಡುತ್ತಿದ್ದ, ಆಟಕ್ಕೆ ಹೋಗಬೇಕಲ್ಲ, ಹೇಳಿದ್ರೆ ಜಡೆ ಕತ್ತರಿಸ್ತೀನಿ ಅಂತಿದ್ದ, ಅವಳು ಹೇಳಲಿಲ್ಲ. ಈಗ ಮೀಟರಿನ ಹೊಟ್ಟೆಯೊಳಗಿನ ಸೆಟ್ಟಿಂಗ್ ನೋಡುತ್ತಾಳೆ, ಸಿಕ್ಕಿತು, ಸರಾಸರಿ, ಒಂದು ನಿಮಿಷದ ಏರಿಳಿತವನ್ನೆಲ್ಲ ಕಲಸಿ ಒಂದೇ ಅಂಕಿ ಮಾಡುತ್ತಿದೆ, ಅಲಾರಾಂ ಕೇಳಿಸಿಕೊಳ್ಳುವುದೂ ಅದನ್ನೇ. ಯಾಕೆ ಮಾಡಿದ, ಏನು ಮುಚ್ಚಿಟ್ಟಿದ್ದಾನೆ, ಯಾರ ಮಾತು ಕೇಳಿ – ಸರಾಸರಿಯನ್ನು ಕಿತ್ತುಹಾಕಿದಳು. ಗೆರೆ ಒಮ್ಮೆಲೇ ಗರಗಸವಾಯಿತು. ಹಲ್ಲುಗಳ ತುದಿಗಳು ಕೆಂಪು ಮಿತಿಗೆ ತಾಗುತ್ತಿವೆ, ಅಲಾರಾಂ ಕೂಗಿಕೊಂಡಿತು, ಒಂದು ಹಲ್ಲು ಮಿತಿ ದಾಟಿತು, ದಾಟಿದರೆ ತಾನಾಗಿ ಬಾಯಿಬಿಟ್ಟು ಹಬೆ ಉಗುಳಬೇಕಿದ್ದ ಸೇಫ್ಟಿ ವಾಲ್ವ್ ಮಾತ್ರ ಗಪ್‌ಚಿಪ್, ಕಚ್ಚಿಕೊಂಡಿದೆ, ದೇವರೇ, ಅದರ ಕೆಳಗೇ ನಿಂತಿದ್ದಾನೆ, ಫೋನ್ ಎತ್ತಿದಳು, ಅಣ್ಣಾ ಬೆಂಕಿ ನಿಲ್ಲಿಸು, ಯಾಕೆ ಅಂದ, ಅದು ಸುಮ್ನೆ ಕೂಗ್ಕೊಳತ್ತೆ ಯಾವಾಗ್ಲೂ, ಸುಮ್ನೆ ಅಲ್ಲ, ಸರಾಸರಿ ಕಿತ್ತುಹಾಕಿದೀನಿ, ವಾಲ್ವ್ ಕಚ್ಕೊಂಡಿದೆ, ಎಣ್ಣೆ ಬಂದ್ ಮಾಡು. ಮಾಡುತ್ತಾನೋ ಇಲ್ಲವೋ, ಈಗಲೂ ಕೊಡವಿಬಿಡುತ್ತಾನೋ – ತಿರುಗಿಸಿದ. ಎಣ್ಣೆಯ ಕೊಳವೆಯ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯವರೆಗೆ ತಿರುಗಿಸಿದ, ಬೆಂಕಿಯ ಮೊರೆತ ಸತ್ತಿತು, ಗರಗಸ ಮೊಂಡಾಗಿ, ಇಳಿದು, ಇಳಿದು, ಅವಳ ಉಸಿರೂ ಅದರ ಜೊತೆಗೇ ಇಳಿಯುತ್ತಿದೆ. ಫೋನಿನಲ್ಲಿ ಅವನ ದನಿ, ಹೋದ ಸಲ ಅಲಾರಾಂ ಆದಾಗ ಎಲ್ರನ್ನೂ ಹೊರಗೆ ಓಡಿಸಿದ್ದೆ, ಮ್ಯಾನೇಜರ್ ಅರ್ಧ ಗಡ್ಡ ಬೋಳಿಸ್ಕೊಂಡು ಓಡಿದ್ದ, ಏನೂ ಆಗ್ಲಿಲ್ಲ, ಆವತ್ತಿಂದ ಅಲಾರಾಂ ಅಣ್ಣ ಅಂತಾರೆ, ಕ್ಯಾಂಟೀನಿಗೆ ಕಾಲಿಟ್ರೆ ಓಡ್ರೋ ಓಡ್ರೋ ಅಂತಾರೆ, ನಗ್ತಾರೆ ಕಣೇ. ಅಷ್ಟೇನಾ, ಅವಳಿಗೆ ನಂಬಿಕೆ ಬರುತ್ತಿಲ್ಲ, ಒಂದು ನಗುವಿಗೆ ಹೆದರಿ ಇಡೀ ಮಿಲ್ಲನ್ನೇ, ಇಲ್ಲ, ಬರುತ್ತಿದೆ, ಅದೇ ಹೆಚ್ಚು ಭಯ, ಇನ್ನೂ ಏನೇನಕ್ಕೆ ಇಸ್ತ್ರಿ ಹಾಕಿದ್ದೀಯ ನೀನು, ಅತ್ತಿಗೆ ನಿಜವಾಗಿ ಯಾವಾಗ ಹೋದಳು – ಕೇಳಲು ಬಾಯಿ ತೆರೆದಳು, ಗಾಜಿನಾಚೆ ಚಕ್ರದ ಮೇಲೆ ಅವನ ಕೈ, ಬೆಂಕಿ ಆರಿ ಎಷ್ಟೋ ಹೊತ್ತಾಯಿತು, ಬಿಡು ಅಣ್ಣಾ, ನಿಂತಿದೆ, ಚಕ್ರದ ಮೇಲೆ ಅವನ ಕೈ, ಬೆರಳ ಗಿಣ್ಣುಗಳು ಬಿಳಿಚಿವೆ, ಚಕ್ರದ ಮೇಲೆ ಅವನ ಕೈ