ಎಂಬತ್ತೆರಡಕ್ಕೆ ತೆಗೆಯುವುದು

ಅಕ್ಕನ ಹಾಲಿನ ಪಾತ್ರೆ ಮನೆಯಿಂದ ಮಾಯವಾಗಿ ನಮ್ಮ ಗ್ಯಾರೇಜಿನ ಸ್ಟೌವಿನ ಮೇಲೆ ಸಿಕ್ಕಿತು. ಪಾತ್ರೆ ತುಂಬ ನೀರು, ನೀರಿನೊಳಗೆ ದಾರ ಕಟ್ಟಿ ಇಳಿಬಿಟ್ಟ ಮೂರು ಥರ್ಮೋಸ್ಟಾಟ್, ಅಂಚಿಗೆ ಒರಗಿಸಿದ ಉದ್ದನೆಯ ಥರ್ಮಾಮೀಟರು. ಎದುರಿಗೆ ಸ್ಟೂಲು ಹಾಕಿಕೊಂಡು ಭಾವ ಕೂತಿದ್ದರು. ಹಾಲು ಉಕ್ಕದಂತೆ ನೋಡಿಕೊಳ್ಳುವವರೂ ಅಷ್ಟು ಕಣ್ಣಲ್ಲಿ ಎಣ್ಣೆ ಹಾಕಿಕೊಂಡು ಕಾಯುವುದಿಲ್ಲ. ಅಕ್ಕನಿಗೆ ಫೋನು ಮಾಡಿ, ಪಾತ್ರೆ ಸಿಕ್ಕಿತು, ಆದರೆ ಇನ್ನು ಅದರಲ್ಲಿ ಹಾಲು ಕಾಯಿಸಬೇಡ ಎಂದೆ. ಅವಳು ನನಗೆ ಬೈದಳು. ಗಂಡ ಮಾಡಿದ್ದಕ್ಕೆಲ್ಲ ತಮ್ಮನಿಗೆ ಬೈಯುವುದು ಅವಳ ಹಳೆಯ ಅಭ್ಯಾಸ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಥರ್ಮೋಸ್ಟಾಟ್ ಎಂದರೆ ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಕೂತಿರುವ ಪುಟ್ಟ ಬಾಗಿಲು. ಅದರ ಹೊಟ್ಟೆಯಲ್ಲಿ ಮೇಣ. ನೀರು ಕಾದಾಗ ಮೇಣ ಉಬ್ಬಿ ಬಾಗಿಲನ್ನು ತಳ್ಳುತ್ತದೆ, ಆರಿದಾಗ ಸ್ಪ್ರಿಂಗು ಮುಚ್ಚುತ್ತದೆ. ಎಷ್ಟು ಡಿಗ್ರಿಗೆ ಎನ್ನುವುದನ್ನು ಅದರ ಮೈಮೇಲೆ ಒತ್ತಿರುತ್ತಾರೆ. ಮನೆಯ ಬಾಗಿಲಿಗಾಗಲಿ, ಅಂಗಡಿಗಾಗಲಿ, ಇದಕ್ಕಾಗಲಿ ತೆರೆಯುವುದಕ್ಕೆ ನಮ್ಮ ಗ್ಯಾರೇಜಿನಲ್ಲಿ ಒಂದೇ ಮಾತು, ತೆಗೆಯುವುದು. ಎಪ್ಪತ್ತೊಂದಕ್ಕೆ ತೆಗೆಯುವುದು, ಎಂಬತ್ತೆರಡಕ್ಕೆ ತೆಗೆಯುವುದು, ಎಂಬತ್ತೆಂಟಕ್ಕೆ ತೆಗೆಯುವುದು. ಪಾತ್ರೆಯಲ್ಲಿ ಕುದಿಯುತ್ತಿದ್ದದ್ದು ಈ ಮೂರೇ, ಒತ್ತಿದಷ್ಟು ಡಿಗ್ರಿಗೇ ತೆಗೆಯುತ್ತವೆಯೇ ಎಂದು ಭಾವ ಪರೀಕ್ಷಿಸುತ್ತಿದ್ದರು.

ಹೊರಗೆ ನಿಂತಿದ್ದ ಕಾರು ಕೆಮಿಸ್ಟ್ರಿ ಟೀಚರದ್ದು. ನೋಡಲು ಸಾಧು, ಒಳಗೆ ಟರ್ಬೊ, ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಯಂತ್ರ. ಅದರ ಒತ್ತಡವನ್ನೂ ಹಿಂದಿನ ಮಾಲೀಕ ಏರಿಸಿಟ್ಟಿದ್ದ. ಟೀಚರ್ ರೇಸಿಗೆ ಹೋಗುವವರಲ್ಲ. ಬೆಳಿಗ್ಗೆ ಶಾಲೆ, ಸಂಜೆ ಮನೆ, ನಡುವೆ ಏಳು ಸಿಗ್ನಲ್ಲು, ಒಂದು ಏರು. ಆ ಏರಿನಲ್ಲಿ ಮಾತ್ರ ಅವರಿಗೆ ಏನೋ ಹಿಡಿಯುತ್ತದೆ ಎಂದು ಕಾಣುತ್ತದೆ, ಮುಂದಿರುವ ಗಾಡಿಗಳನ್ನೆಲ್ಲ ಹಿಂದೆ ಹಾಕಿಕೊಂಡು ಹೋಗುತ್ತಾರೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವ ಕೆಲಸ ಬಂದಾಗ ಅದನ್ನು ಭಾವನೇ ಮಾಡಬೇಕು ಎಂದು ಪಟ್ಟು ಹಿಡಿದರು.

ಭಾವ ಎಂಜಿನ್ ಮುಟ್ಟಿ ಎಂಟು ತಿಂಗಳಾಗಿತ್ತು. ಅದಕ್ಕೆ ಕಾರಣ ನಮ್ಮ ಗ್ಯಾರೇಜಿನ ಮೂಲೆಯಲ್ಲೇ, ಟಾರ್ಪಾಲಿನ ಕೆಳಗೆ ಇತ್ತು. ಅದೂ ಒಂದು ಟರ್ಬೊ ಎಂಜಿನ್ನೇ. ಭಾವ ಕಟ್ಟಿಕೊಟ್ಟ ಮೂರನೇ ದಿನ ಏರಿನಲ್ಲಿ ಕಾದು, ಪಿಸ್ಟನ್ ಕರಗಿ ಸತ್ತಿತು. ಅದರ ಮಾಲೀಕ ಕೂಗಾಡಿದ್ದರೆ ಚೆನ್ನಾಗಿತ್ತು. ಆತ "ನಿಮ್ಮನ್ನ ನಂಬಿದ್ದೆ" ಎಂದಷ್ಟೇ ಹೇಳಿ ಹೋದ, ಎಂಜಿನ್ ಒಯ್ಯಲೂ ಬರಲಿಲ್ಲ. ಅಂದಿನಿಂದ ಭಾವ ಬ್ರೇಕು, ಬಲ್ಬು, ಎಣ್ಣೆ ಬದಲಿಸುವುದು ಇಷ್ಟರಲ್ಲೇ ದಿನ ತಳ್ಳುತ್ತಿದ್ದರು. ಮೂಲೆಗೆ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದರು. ಮನೆಯಲ್ಲಿ ಕಾಫಿಯನ್ನೂ ಆರಿಸಿ ಆರಿಸಿ ಕುಡಿಯುತ್ತಾರೆ ಎಂದು ಅಕ್ಕ ಹೇಳಿದಾಗ ನಾನು ನಕ್ಕಿದ್ದೆ. ಆಮೇಲೆ ನಗು ಬರಲಿಲ್ಲ.

ಟೀಚರ ಎಂಜಿನ್ ಬಿಚ್ಚುವ ದಿನ ಭಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

"ಇದೂ ಕೈಕೊಟ್ರೆ ನಾನು ಮನೇಲಿ ಕೂತ್ಕೊಳ್ತೀನಿ. ಸ್ಪ್ಯಾನರ್ ಮುಟ್ಟಲ್ಲ. ನಿಮ್ಮಕ್ಕಂಗೂ ಹೇಳಿದೀನಿ."

ಭಾವ ಹಾಗೆಲ್ಲ ಬಾಯಿಮಾತಿಗೆ ಹೇಳುವವರಲ್ಲ. ನನಗೆ ರೇಡಿಯೇಟರ್ ಗೊತ್ತು, ಪೈಪು ಗೊತ್ತು, ಸೋರುವುದೆಲ್ಲ ಗೊತ್ತು. ಎಂಜಿನ್ನಿನ ಹೊಟ್ಟೆ ಗೊತ್ತಿರುವುದು ಅವರಿಗೆ. ಅವರು ಮನೆಯಲ್ಲಿ ಕೂತರೆ ಬೆಳಗಾದರೆ ಗೋಡೆ ನೋಡಬೇಕು, ನಾನು ಪಂಚರ್ ಹಾಕಬೇಕು.

ಎಂಜಿನ್ ಮಾತ್ರ ಅಚ್ಚುಕಟ್ಟಾಗಿ ಬಂತು. ಜಗಳ ಶುರುವಾದದ್ದು ಥರ್ಮೋಸ್ಟಾಟಿನ ಹತ್ತಿರ, ಅಕ್ಕನ ಪಾತ್ರೆ ಸಿಕ್ಕಿದ ಆ ದಿನ.

"ಎಪ್ಪತ್ತೊಂದು ಹಾಕ್ತೀನಿ. ಬೇಗ ತೆಗೆಯುತ್ತೆ, ತಣ್ಣಗಿರುತ್ತೆ" ಎಂದರು ಭಾವ.

"ಕಂಪನಿಯ ಪುಸ್ತಕದಲ್ಲಿ ಎಂಬತ್ತೆಂಟಕ್ಕೆ ತೆರೆಯಬೇಕು ಎಂದಿದೆ" ಎಂದರು ಟೀಚರ್. ಅವರು ಮಾತಾಡಿದರೂ ಪ್ರಶ್ನೆಪತ್ರಿಕೆ ಓದಿದ ಹಾಗಿರುತ್ತದೆ.

ನನ್ನ ಮಾತಿಗೆ ಬೆಲೆ ಬರುವುದು ಇಂಥ ಕಡೆ ಮಾತ್ರ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳಿದೆ. "ಭಾವ, ಬಾಗಿಲು ಬೇಗ ತೆಗೆದ ಮಾತ್ರಕ್ಕೆ ಏರಿನಲ್ಲಿ ಎಂಜಿನ್ ತಣ್ಣಗಿರಲ್ಲ. ಪೂರ್ತಿ ತೆಗೆದ್ಮೇಲೆ ಎಪ್ಪತ್ತೊಂದೂ ಒಂದೇ, ಎಂಬತ್ತೆಂಟೂ ಒಂದೇ. ಅಲ್ಲಿಂದ ಮೇಲೆ ಕಾಪಾಡೋದು ನನ್ನ ರೇಡಿಯೇಟರು, ಫ್ಯಾನು. ಥರ್ಮೋಸ್ಟಾಟ್ ಹೇಳೋದು ಇದಕ್ಕಿಂತ ಕೆಳಗೆ ಇಳೀಬೇಡ ಅಂತ ಅಷ್ಟೇ. ಎಪ್ಪತ್ತೊಂದು ಹಾಕಿದ್ರೆ ಕಾರಿನ ಕಂಪ್ಯೂಟರು ಎಂಜಿನ್ ಇನ್ನೂ ಕಾದೇ ಇಲ್ಲ ಅಂದ್ಕೊಂಡು ಪೆಟ್ರೋಲ್ ಸುರೀತಾನೇ ಇರುತ್ತೆ. ಅದು ಎಣ್ಣೆಗೆ ಇಳಿಯುತ್ತೆ, ಎಣ್ಣೆ ನೀರಾಗುತ್ತೆ, ಬೇರಿಂಗ್ ತಿನ್ನುತ್ತೆ."

"ಹಾಗಾದರೆ ಎಂಬತ್ತೆಂಟು" ಎಂದರು ಟೀಚರ್, ಗೆದ್ದವರ ಹಾಗೆ.

"ಪುಸ್ತಕ ಬರೆದೋರಿಗೆ ನಿಮ್ಮ ಒತ್ತಡ ಏರಿಸಿರೋದು ಗೊತ್ತಿಲ್ಲ ಮೇಡಂ. ಏಳು ಸಿಗ್ನಲ್ಲಲ್ಲಿ ನಿಂತು ನಿಂತು ಕಾದು, ಆ ಬಿಸೀಲೇ ಏರಿಗೆ ನುಗ್ಗಿಸ್ತೀರ. ಅಲ್ಲೊಂದು ಆರು ಡಿಗ್ರಿ ಕೈಯಲ್ಲಿದ್ರೆ ಒಳ್ಳೇದು. ಎಂಬತ್ತೆರಡು ಹಾಕೋಣ."

ಭಾವ ದಾರ ಹಿಡಿದು ಪಾತ್ರೆಯಿಂದ ಎಂಬತ್ತೆರಡನ್ನು ಮೇಲೆತ್ತಿದರು. ಆಮೇಲೆ "ಆಗಲಿ" ಎಂದರು.

ಮರುದಿನ ಬೇರೊಂದು ಗಾಡಿಯ ರೇಡಿಯೇಟರ್ ತರಲು ನಾನು ಪಕ್ಕದ ಊರಿಗೆ ಹೋಗಬೇಕಿತ್ತು. ಹೋಗುವ ಮುಂಚೆ ಟೀಚರ ಕಾರಿನ ಚೀಟಿಯಲ್ಲಿ 'ಥರ್ಮೋಸ್ಟಾಟ್ 82ಕ್ಕೆ ತೆಗೆಯುವುದು' ಎಂದು ಬರೆದು ಗಾಜಿಗೆ ಸಿಕ್ಕಿಸಿದೆ. ಮಧ್ಯಾಹ್ನ ಭಾವ ಫೋನು ಮಾಡಿದರು. ಎಂಜಿನ್ ಶುರುವಾಗಿದೆ, ಸದ್ದು ಚೆನ್ನಾಗಿದೆ, ಎಲ್ಲೂ ಸೋರುತ್ತಿಲ್ಲ ಎಂದರು.

"ಥರ್ಮೋಸ್ಟಾಟು?"

"ತೆಗೆದಿದೆ" ಎಂದರು ಭಾವ. ನನಗೆ ನಿರಾಳವಾಯಿತು.

ಮೂರು ವಾರ ಕಳೆದ ಮೇಲೆ ಟೀಚರ್ ಬಂದರು, ಕೈಯಲ್ಲಿ ನೋಟ್‌ಬುಕ್ಕು. ಎರಡು ದಿನದಿಂದ ಎಂಜಿನ್ನಿನ ದೋಷ ತೋರಿಸುವ ಹಳದಿ ದೀಪ ಹತ್ತಿಕೊಂಡಿದೆಯಂತೆ. ಪ್ರತಿದಿನ ಏರಿನ ಬುಡದಲ್ಲಿ, ತುದಿಯಲ್ಲಿ ಎಂಜಿನ್ ಎಷ್ಟು ಡಿಗ್ರಿ ಇತ್ತು ಎಂದು ಬರೆದಿಟ್ಟಿದ್ದರು. ಐವತ್ತೆಂಟು, ಅರವತ್ತೊಂದು, ಐವತ್ತೊಂಬತ್ತು. ಪುಟ ತಿರುಗಿಸಿದರೂ ಅಷ್ಟೇ. ಒಂದು ದಿನವೂ ಎಪ್ಪತ್ತು ಮುಟ್ಟಿರಲಿಲ್ಲ.

"ಇನ್ನೊಂದು ವಿಚಿತ್ರ. ಎಂಜಿನ್ ಎಣ್ಣೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದೆ" ಎಂದರು.

ನಾನು ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ಮೂಗಿಗೆ ಹಿಡಿದೆ. ಘಮ್ಮೆಂದು ಪೆಟ್ರೋಲ್. ಟೀಚರನ್ನು ಮುಂದಿನ ಕೋಣೆಯಲ್ಲಿ ಕೂರಿಸಿ ಬಂದು, ಥರ್ಮೋಸ್ಟಾಟ್ ಕೂರುವ ಗೂಡಿನ ಮೂರು ಬೋಲ್ಟು ಬಿಚ್ಚಿದೆ. ಒಳಗೆ ಎಂಬತ್ತೆರಡೂ ಇರಲಿಲ್ಲ, ಎಪ್ಪತ್ತೊಂದೂ ಇರಲಿಲ್ಲ. ಗೂಡು ಖಾಲಿ.

ಭಾವ ಹಿಂದೆ ಬಂದು ನಿಂತಿದ್ದರು.

"ತೆಗೆದಿದೆ ಅಂದ್ರಲ್ಲ ಭಾವ?"

"ತೆಗೆದೇ ಇದೆ ನೋಡು."

ನನಗೆ ಸಿಟ್ಟು ನೆತ್ತಿಗೇರಿತು. "ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ನಾನು ಚೀಟೀಲಿ ಏನು ಬರೆದಿದ್ದೆ?"

"ನೀನೂ ಹಾಗೇ ಬರೆದಿದ್ದೆ, ತೆಗೆಯುವುದು ಅಂತ" ಎಂದವರು ಅಲ್ಲಿಗೇ ನಿಲ್ಲಿಸಿದರು. ಅಂಗಿಯ ಜೇಬಿಗೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ಹೊರತೆಗೆದರು. ಎಂಬತ್ತೆರಡು. ಮೂರು ವಾರದಿಂದ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ್ದರು.

"ಇಲ್ಲ ಕಣೋ. ನಂಗೆ ಅರ್ಥ ಆಗಿತ್ತು. ಹಾಕಿದ್ದೆ. ಎಂಜಿನ್ ಶುರು ಮಾಡಿ ನೋಡ್ತಾ ಇದ್ದೆ. ಎಪ್ಪತ್ತಾಯ್ತು, ಎಪ್ಪತ್ತೈದಾಯ್ತು, ಪೈಪು ಇನ್ನೂ ತಣ್ಣಗೇ ಇದೆ. ಇನ್ನು ತೆಗೆಯಲ್ಲ, ಇದೂ ಕರಗುತ್ತೆ ಅನ್ನಿಸ್ತು. ಆಫ್ ಮಾಡಿ, ಬಿಚ್ಚಿ, ಜೇಬಿಗೆ ಹಾಕ್ಕೊಂಡೆ. ಬಾಗಿಲೇ ಇಲ್ದಿದ್ರೆ ಮುಚ್ಚೋ ಭಯನೂ ಇಲ್ವಲ್ಲ. ನೀನು ಫೋನಲ್ಲಿ ಕೇಳ್ದೆ, ಆ ಮಾತು ಬಾಯಿಗೆ ಬಂತು. ಸುಳ್ಳಲ್ಲ ಅಂತ ಸಮಾಧಾನ ಮಾಡ್ಕೊಂಡೆ."

ನನಗೆ ಅವರ ಮೇಲೆ ಕನಿಕರವಾಯಿತು, ಹಾಗೆ ಆದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು. ಎಣ್ಣೆ ಇಳಿಸಿದೆವು. ತೆಳ್ಳಗೆ, ಕಪ್ಪಗೆ ಸುರಿಯಿತು. ಬೇರಿಂಗ್ ತಿಂದಿದ್ದರೆ ಫಿಲ್ಟರಿನ ಮಡಿಕೆಗಳಲ್ಲಿ ಲೋಹದ ಪುಡಿ ಮಿನುಗುತ್ತದೆ. ಭಾವ ಫಿಲ್ಟರನ್ನು ಕತ್ತರಿಸಿ, ಕಾಗದವನ್ನು ಬಿಸಿಲಿಗೆ ಒಯ್ದು, ಮಡಿಕೆ ಮಡಿಕೆಯಾಗಿ ಬಿಡಿಸಿದರು. ಪುಡಿ ಇರಲಿಲ್ಲ. ಇನ್ನೊಂದು ಸಲ ನೋಡಿದರು, ಆಗಲೂ ಇರಲಿಲ್ಲ.

ಭಾವ ನೇರವಾಗಿ ಮುಂದಿನ ಕೋಣೆಗೆ ಹೋಗಿ ಟೀಚರ ಎದುರು ನಿಂತರು. "ಮೇಡಂ, ಥರ್ಮೋಸ್ಟಾಟ್ ನಾನು ಹಾಕಿರಲಿಲ್ಲ. ಹೆದರಿಕೊಂಡೆ. ಈಗ ಹಾಕ್ತೀನಿ. ಬೇಡ, ಬೇರೆಯವರು ಹಾಕಲಿ ಅಂದ್ರೂ ತಪ್ಪಿಲ್ಲ."

ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ತಪ್ಪು ಉತ್ತರ ಬರೆದವರೇ ಅಲ್ಲವೇ ತಿದ್ದಿ ಬರೆಯಬೇಕಾದದ್ದು? ನಡೆಯಿರಿ, ನಾನು ಅಂಕಿ ಓದುತ್ತೇನೆ."

ಹೊಸ ಎಣ್ಣೆ, ಹೊಸ ಫಿಲ್ಟರು, ಗೂಡಿಗೆ ಎಂಬತ್ತೆರಡು. ಎಂಜಿನ್ ಶುರು ಮಾಡಿದೆ. ಭಾವ ಬಾನೆಟ್ ಕೆಳಗೆ ಬಗ್ಗಿ ರೇಡಿಯೇಟರಿಗೆ ಹೋಗುವ ಮೇಲಿನ ಪೈಪನ್ನು ಕೈಯಲ್ಲಿ ಹಿಡಿದರು. ಬಾಗಿಲು ತೆಗೆಯುವವರೆಗೆ ಆ ಪೈಪಿಗೆ ಬಿಸಿ ಸರಿಯಾಗಿ ತಟ್ಟುವುದಿಲ್ಲ. ಟೀಚರ್ ಸೀಟಿನಲ್ಲಿ ಕೂತು ಹಾಜರಿ ಕೂಗುವ ದನಿಯಲ್ಲಿ ಓದತೊಡಗಿದರು.

"ಅರವತ್ತು. ಅರವತ್ತಾರು. ಎಪ್ಪತ್ತೊಂದು."

ಭಾವನ ಮುಖ ಬಿಗಿಯಿತು.

"ಎಪ್ಪತ್ತೈದು. ಎಪ್ಪತ್ತೆಂಟು."

ಅವರು ಸ್ಟೀರಿಂಗಿನ ಕಡೆ ತಿರುಗಿ ನೋಡಿದರು. ಕೀಲಿಯ ಹತ್ತಿರ ಹೋಗಿ ಆಫ್ ಮಾಡಿಬಿಡುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ಎಂಬತ್ತೊಂದು. ಎಂಬತ್ತೆರಡು. ಎಂಬತ್ತಮೂರು."

"ತೆಗೀತು" ಎಂದರು ಭಾವ. ದನಿ ಬಹಳ ಸಣ್ಣದಾಗಿತ್ತು.

ಅಂಕಿ ಇನ್ನೂ ಏರಿತು. ಎಂಬತ್ತೆಂಟು, ತೊಂಬತ್ತು, ತೊಂಬತ್ತೈದು. ಫ್ಯಾನು ಗರ್ರೆಂದು ತಿರುಗಿತು, ಅಂಕಿ ತೊಂಬತ್ತಕ್ಕೆ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಭಾವ ಪೈಪು ಬಿಟ್ಟಿರಲಿಲ್ಲ. ಅಂಗೈ ಕೆಂಪಾಗಿತ್ತು.

"ಭಾವ, ಕೈ ತೆಗೀರಿ" ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಸರಿಯಾಗಿ ಹೇಳು. ಯಾವ ತೆಗೆಯೋದು?"

ಎಂಟು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು. ನಾನು ನಕ್ಕೆ, ಕಣ್ಣಲ್ಲಿ ನೀರು ಬಂತು, ಎಂಜಿನ್ ಬಿಸಿಗೆ ಎಂದು ಒರೆಸಿಕೊಂಡೆ. ಟೀಚರಿಗೆ ಏನೂ ಅರ್ಥವಾಗಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ 'ಎಂಬತ್ತಮೂರಕ್ಕೆ ತೆರೆಯಿತು' ಎಂದು ಬರೆದುಕೊಂಡು, ಏರಿನ ಕಡೆಗೆ ಕಾರು ತಿರುಗಿಸಿಕೊಂಡು ಹೋದರು.

ಭಾವ ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೈ ಒರೆಸಿಕೊಂಡು, ಸುತ್ತು ಹಾಕದೆ ನೆಟ್ಟಗೆ ಮೂಲೆಗೆ ಹೋಗಿ ಟಾರ್ಪಾಲು ತೆಗೆದರು.