ಬಿರಾಗೊ ಬಾಳೆ ನೆಡದ ವರ್ಷ

ಅಂಕೋಮಾ ಹೊಸ ಕೋಕೋ ತೋಟಕ್ಕೆಂದು ಹೊಳೆಯಾಚೆಯ ಕಾಡು ಕಡಿಸಿದಾಗ ಅವನ ಹೆಂಡತಿ ಬಿರಾಗೊ, ತಾನು ಬಾಳೆ ನೆಡುವುದಿಲ್ಲ ಎಂದುಬಿಟ್ಟಳು. ನಮ್ಮ ಅಹಾಫೊ ಸೀಮೆಯಲ್ಲಿ ಹೆಂಗಸರು ಆಡುವ ಮಾತಲ್ಲ ಅದು. ಕೋಕೋ ಸಸಿ ಎಳೆಯದಾಗಿರುವಾಗ ಬಿಸಿಲು ತಡೆಯದು. ಅದಕ್ಕೇ ಹೆಂಗಸರು ನಡುನಡುವೆ ಬಾಳೆ, ಕೆಸು ಹಾಕುತ್ತಾರೆ. ಸಸಿಗೆ ನೆರಳಾಗುತ್ತದೆ, ಮನೆಗೆ ಊಟವಾಗುತ್ತದೆ. ಕೋಕೋ ಬೆಳೆದು ಕೊಂಬೆಗಳು ಕೂಡಿಕೊಂಡ ಮೇಲೆ ಕೆಳಗೆ ಬೇರೇನೂ ಏಳುವುದಿಲ್ಲ. ಆಮೇಲೆ ತೋಟ ಗಂಡನದು. ಅವನು ಸತ್ತರೆ ಅಳಿಯಕಟ್ಟಿನಂತೆ ಅವನ ಅಕ್ಕತಂಗಿಯರ ಮಕ್ಕಳದು.

ಬಿರಾಗೊ ನನ್ನ ದೊಡ್ಡಮ್ಮನ ಮಗಳು, ಪಕ್ಕದ ಮನೆಯವಳು. ಅಂಕೋಮಾನ ತಂಗಿ ಫೊಸುವಾ ಹಿಂದಿನ ವರ್ಷವಷ್ಟೇ ಗಂಡ ತೀರಿಕೊಂಡು, ತಾನೇ ಬೆಳೆಸಿದ ತೋಟವನ್ನು ಅವನ ಕಡೆಯವರಿಗೆ ಬಿಟ್ಟು, ಪಾತ್ರೆ ಹೊತ್ತು ಅಣ್ಣನ ಮನೆಗೆ ಬಂದಿದ್ದಳು. ಬಿರಾಗೊ ಅದನ್ನು ನೋಡಿದ್ದಳು.

"ಅರ್ಧ ತೋಟ ನನಗೆ ಕೊಡು. ಹಿರೀಕರ ಮುಂದೆ ಕೊಡು. ಆಮೇಲೆ ಬಾಳೆಕಂದು ನೆಡ್ತೀನಿ," ಎಂದಳು ಗಂಡನಿಗೆ.

ಫುಫು ಮುದ್ದೆ ಮುರಿಯುತ್ತಿದ್ದ ಅಂಕೋಮಾನ ಕೈ ಸಾರಿನಲ್ಲೇ ನಿಂತಿತು. "ನಾನಿನ್ನೂ ಸತ್ತಿಲ್ಲ ಕಣೇ!"

"ಸತ್ತ ಮೇಲೆ ಕೇಳಿದ್ರೆ ಎದ್ದು ಬಂದು ಕೊಡ್ತೀಯಾ?"

ಅವನು ಮಾತು ಬಿಟ್ಟ. ಅವಳು ಅಡುಗೆ ಬಿಡಲಿಲ್ಲ. ತನ್ನ ತಾಯಿಯ ಕಡೆಯ ನೆಲದಲ್ಲಿ ಮರಗೆಣಸು, ಜೋಳ ಹಾಕಿಕೊಂಡು, ಅದನ್ನೇ ಅವನಿಗೂ ಬೇಯಿಸಿ ಹಾಕಿದಳು.

ಫೊಸುವಾಳ ಮಗ ಬೆಡಿಯಾಕೊಗೆ ಇದು ದೊಡ್ಡ ತಮಾಷೆಯಾಯಿತು. ನಾಳೆ ಮಾವನ ಆಸ್ತಿ ಬರಬೇಕಾದದ್ದು ಅವನಿಗೇ. "ಇನ್ನೊಬ್ಬಳನ್ನ ಕಟ್ಕೋ ಮಾವ. ಬಾಳೆ ನೆಡೋಕೆ ಊರಲ್ಲಿ ಹೆಂಗಸರಿಗೇನು ಬರವೇ?" ಎಂದ. ಹೆಂಡದ ಚಪ್ಪರದಲ್ಲಿ ಗೆಳೆಯರೂ ಬಿಡಲಿಲ್ಲ. "ಏನಯ್ಯಾ ಅಂಕೋಮಾ, ಸಸಿಗೊಂದು ಕೊಡೆ ಹಿಡ್ಕೊಂಡು ನೀನೇ ನಿಲ್ತೀಯಂತೆ?"

ಮಾವ ಅಳಿಯ ಇಬ್ಬರೂ ಸೇರಿ ಸಸಿ ನೆಟ್ಟರು. ದಿಬ್ಬ ಹತ್ತಿ ಇಳಿದು ತರಬೇಕಾದ ಕಂದುಗಳನ್ನು ತರುವ ಹೊತ್ತಿಗೆ ಮಳೆ ಮುಗಿಯುತ್ತ ಬಂದಿತ್ತು. ಬೆಡಿಯಾಕೊಗೆ ಬೇಸರವೂ ಬಂದಿತ್ತು. ಬಾಳೆ ಹಿಡಿಯದ ಕಡೆ ತಾಳೆಗರಿ ಚುಚ್ಚಿದರು. ಬಡಗಣ ಮರಳುಗಾಡಿನ ಒಣಗಾಳಿ ಬೀಸತೊಡಗಿದಾಗ ಗರಿಗಳು ಹಾರಿಹೋದವು. ಸಸಿಗಳ ಅಂಚು ಕಂದಿತು, ಆಮೇಲೆ ಎಲೆಯೇ ಸುಟ್ಟಿತು.

ಬಳಿಕ ಅಂಕೋಮಾ ಒಬ್ಬನೇ ಹೊಳೆಯಿಂದ ನೀರು ಹೊರತೊಡಗಿದ. ಮರಗೆಣಸಿನ ಸಿಪ್ಪೆ ಹೆರೆಯುತ್ತ ಕೂತಿದ್ದ ಬಿರಾಗೊ ಅವನು ದಿಬ್ಬ ಹತ್ತುವುದನ್ನು ನೋಡಿದಳು.

"ನೋಡೋಕಾಗಲ್ಲ ಕಣೇ," ಎಂದಳು ನನಗೆ.

"ಹಾಗಿದ್ರೆ ಹೋಗಿ ಒಂದು ಕೊಡ ಹೊರು."

"ಹೋದ್ರೆ ಮುಗೀತು. ಇನ್ನೊಂದ್ಸಲ ಕೇಳೋಕೆ ಬಾಯಿ ಬರಲ್ಲ ನನಗೆ." ಕಣ್ಣು ಒರೆಸಿಕೊಂಡು ಮತ್ತೊಂದು ಗೆಡ್ಡೆ ಎತ್ತಿಕೊಂಡಳು.

ಸಸಿಗಳಲ್ಲಿ ಉಳಿದದ್ದು ಅಲ್ಲೊಂದು ಇಲ್ಲೊಂದು. ಮುಂದಿನ ಮಳೆಗೆ ಮೊದಲು ಅಂಕೋಮಾ ತಾನಾಗಿ ಹೋಗಿ ಊರ ಮುಖಂಡನ ಅಂಗಳದಲ್ಲಿ ಹಿರಿಯರನ್ನು ಸೇರಿಸಿದ. "ಹೊಳೆಯಾಚೆ ತೋಟದ ಅರ್ಧ ಬಿರಾಗೊಗೆ ಕೊಟ್ಟಿದೀನಿ," ಎಂದ, ನೆಲ ನೋಡುತ್ತ.

ಬೆಡಿಯಾಕೊ ಎದ್ದ. "ಅದು ನಮ್ಮ ಮನೆತನದ್ದು ಮಾವ! ಅಮ್ಮ, ಸುಮ್ಮನೆ ಕೂತಿದೀಯಲ್ಲ, ಹೇಳು!"

ಫೊಸುವಾ ಹೇಳಿದಳು. "ನಿನ್ನಪ್ಪನ ತೋಟಕ್ಕೆ ಬಾಳೆ ನೆಟ್ಟವಳು ನಾನು. ಇವತ್ತು ಅಲ್ಲಿ ಕಾಯಿ ಕೀಳ್ತಿರೋರು ಯಾರೋ? ನನಗೆ ಮಾಡಿದ್ದನ್ನ ನನ್ನ ಮಗ ಅತ್ತಿಗೆಗೆ ಮಾಡೋದು ಬೇಡ. ಕೂತ್ಕೋ."

ಬಿರಾಗೊ ಪದ್ಧತಿಯಂತೆ ಸಾರಾಯಿಯ ಬಾಟಲಿಯನ್ನೂ ಒಂದು ಕುರಿಯನ್ನೂ ಮುಂದಿಟ್ಟು ಕೊಡುಗೆಯನ್ನು ಒಪ್ಪಿಕೊಂಡಳು. ಆ ಸಾರಾಯಿ ಕುಡಿದವನು ಸಾಕ್ಷಿ. ಆಮೇಲೆ ತನಗೆ ಗೊತ್ತಿಲ್ಲ ಎನ್ನುವಂತಿಲ್ಲ. ಲೋಟ ಸುತ್ತಿ ಬೆಡಿಯಾಕೊನ ಹತ್ತಿರ ಬಂದಾಗ ಅವನು ಕೈ ಚಾಚಲಿಲ್ಲ. ತಾಯಿ ಲೋಟ ತೆಗೆದುಕೊಂಡು ಅವನ ಬಾಯಿಗೇ ಹಿಡಿದಳು. "ಕುಡಿಯೋ." ಔಷಧಿ ಕುಡಿದವನ ಹಾಗೆ ಮುಖ ಕಿವುಚಿ ಕುಡಿದ.

ಮರುದಿನ ಬೆಳಕು ಹರಿಯುವ ಮೊದಲೇ ಬಿರಾಗೊ ತಲೆಯ ಮೇಲೆ ಕಂದು ಹೊತ್ತು ಹೊಳೆ ದಾಟಿದಳು. ನಾನೂ ಹೋದೆ.

ಹೊಸದಾಗಿ ಸಸಿ ಹಾಕಿದ ಆ ತೋಟದ ಕಾಯಿ ಕಂಡ ಮೇಲೇ ಅಂಕೋಮಾ ತೀರಿಕೊಂಡ. ಹಳೆಯ ತೋಟ, ಹೊಸದರ ಉಳಿದರ್ಧ ಬೆಡಿಯಾಕೊಗೆ ಬಂದವು. ಬಿರಾಗೊಳ ಪಾಲನ್ನು ಯಾರೂ ಮುಟ್ಟಲಿಲ್ಲ. ಫೊಸುವಾ ಈಗ ಮಗನ ಮನೆ ಬಿಟ್ಟು ಅವಳ ಜೊತೆಗೇ ಇದ್ದಾಳೆ. ಅತ್ತಿಗೆ ನಾದಿನಿಯರು ಚಾಪೆಯ ಮೇಲೆ ಕೋಕೋ ಬೀಜ ಒಣಗಿಸುತ್ತ ಬೆಳಗಿನಿಂದ ಜಗಳವಾಡುತ್ತಾರೆ.

"ಮೋಡ ಬಂತು, ಮುಚ್ಚು ಅಂದೆನಲ್ಲ!" ಎನ್ನುತ್ತಾಳೆ ಫೊಸುವಾ.

"ಅದು ಹೊಗೆ ಕಣೇ, ನಿನ್ನ ಒಲೇದೇ. ಮೊದಲು ಹೋಗಿ ಸಾರು ನೋಡು, ಸೀದು ಹೋಗ್ತಿದೆ."