ಅಕ್ಕ ಮೊದಲ ಸಾಲಿನಲ್ಲಿ

ಪ್ಯಾಂಟಿನ ಅಂಚು ನೆಲ ಒರೆಸುತ್ತಿದೆ, ಹಿಮ್ಮಡಿಯಡಿ ಸಿಕ್ಕಿ ಹೆಜ್ಜೆಹೆಜ್ಜೆಗೂ ಎಳೆದುಕೊಳ್ಳುತ್ತಿದೆ, ಅದೇ ಬೂದು ಪ್ಯಾಂಟು, ಅಕ್ಕ ಬೆಳಗಿನ ನಡಿಗೆಗೆಂದು ವರ್ಷಗಳಿಂದ ಹಾಕುತ್ತಿರುವುದು, ಕಣಕಾಲಿನ ಗಂಟು ಮುಚ್ಚಲೂ ಸಾಲದೆ ಮೇಲೇ ನಿಂತುಬಿಡುತ್ತಿತ್ತಲ್ಲ, ಒಗೆದೊಗೆದು ಬಟ್ಟೆ ಗಿಡ್ಡವಾಗುವುದುಂಟು, ಉದ್ದವಾಗುವುದುಂಟೇ — ತಂಗಿ ಕಿಟಕಿಯ ಚಿಲಕಕ್ಕೆ ಕೈಹಾಕಿದವಳು ಹಾಗೇ ನಿಂತಳು, ಕೆಳಗೆ ದರ್ಜಿಯ ಅಂಗಡಿಯಲ್ಲಿ ಮೊದಲ ಹೊಲಿಗೆ ಯಂತ್ರ ಗರಗರ ಶುರುಮಾಡಿತ್ತು, ಮೆಟ್ಟಿಲು ಹತ್ತಿ ಬಂದ ಅಕ್ಕ ಬಾಗಿಲಲ್ಲಿ ನಿಂತು ಹಾಲ್ ಪೂರ್ತಿ ಕಣ್ಣಾಡಿಸುತ್ತಿದ್ದಾಳೆ, ಕಣ್ಣಾಡಿಸುವುದೆಲ್ಲಿ ಬಂತು, ಕತ್ತು ತಿರುಗದು, ಇಡೀ ಮೈಯನ್ನೇ ತಿರುಗಿಸುತ್ತಾಳೆ, ಇಕ್ಕಟ್ಟಿನ ಓಣಿಯಲ್ಲಿ ಲಾರಿ ಹಿಂದಕ್ಕೆ ತೆಗೆದ ಹಾಗೆ. ಅಕ್ಕ ಇಲ್ಲಿಗೆ ಬರುವುದೆಂದರೆ ಸಾಮಾನ್ಯವೇ, ತಂಗಿ ಈ ಮಹಡಿಯಲ್ಲಿ ಯೋಗ ಹೇಳಿಕೊಡಲು ಶುರುಮಾಡಿ ಇಷ್ಟು ವರ್ಷವಾದರೂ ಒಂದು ದಿನ ಇಣುಕಿ ನೋಡಿದವಳಲ್ಲ, ಉಸಿರು ಬಿಡೋದಕ್ಕೂ ಕ್ಲಾಸ್ ಬೇಕೇನೇ ಜನಕ್ಕೆ ಅಂದವಳು, ಹೆಣ್ಣುಮಕ್ಕಳ ಶಾಲೆಯಲ್ಲಿ ನಿವೃತ್ತಿಯಾಗುವವರೆಗೂ ವ್ಯಾಯಾಮದ ಟೀಚರ್, ಕೊರಳಲ್ಲಿ ಸೀಟಿ, ಮೈದಾನದ ತುಂಬ ಹುಡುಗಿಯರು ಒಂದೇ ಸೀಟಿಗೆ ಬಗ್ಗಬೇಕು, ಒಂದೇ ಸೀಟಿಗೆ ಏಳಬೇಕು, ಹೊಟ್ಟೆನೋವು ಅಂದವರಿಗೆ ಮೈದಾನ ಸುತ್ತಿ ಬಾ, ಹೋಗುತ್ತೆ, ಮನೆಯಲ್ಲೂ ಅಷ್ಟೇ, ಊಟಕ್ಕೆ ಕರೆಯಲು ಸೀಟಿ, ಭಾವ ಪಾಪ, ಮುಖಕ್ಕೆ ಮೆತ್ತಿದ ಸೋಪು ತೊಳೆಯದೆಯೇ ಓಡಿಬರುತ್ತಿದ್ದರು. ಎಲ್ಲಿ ನನ್ನ ಜಾಗ, ಅಂದಳು ಅಕ್ಕ, ಚೀಲವನ್ನು ನೆಲಕ್ಕಿಡಲಿಲ್ಲ, ಬಗ್ಗಬೇಕಾಗುತ್ತದಲ್ಲ, ಕಿಟಕಿಯ ಕಟ್ಟೆಯ ಮೇಲಿಟ್ಟಳು, ಮೊದಲ ಸಾಲಲ್ಲೇ ಇರಲಿ, ಹಿಂದೆ ಕೂತು ನನಗೆ ಅಭ್ಯಾಸ ಇಲ್ಲ.

ಹೊಸಬರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಮಾತಾಡಿಸದೆ ಅವಳು ಚಾಪೆಗೆ ಬಿಡುವುದಿಲ್ಲ, ಅಕ್ಕನಾದರೇನು, ಎಲ್ಲಿ ನೋವು, ಏನು ಮಾತ್ರೆ, ಯಾವಾಗ ಬಿದ್ದಿರಿ, ಕೊನೆಗೆ ಒಂದು ಪ್ರಶ್ನೆ, ಇದೊಂದನ್ನು ಹೇಳೋದು ಬೇಡ ಅಂತ ಅಂದುಕೊಂಡು ಬಂದಿರೋದು ಏನು, ಆ ಪ್ರಶ್ನೆಗೆ ಬಸ್ ಡ್ರೈವರು ಪೆಚ್ಚುಪೆಚ್ಚಾಗಿ ನಕ್ಕು ಮಂಡಿಯ ಆಪರೇಷನ್ನಿನ ಗಾಯ ತೋರಿಸಿದ್ದ, ಬ್ಯಾಂಕಿನ ಹುಡುಗಿ ಗಂಡನಿಗೂ ಹೇಳದ ಬಸಿರಿನ ಸುದ್ದಿಯನ್ನು ಮೊದಲು ಇವಳಿಗೇ ಹೇಳಿ ಅತ್ತಿದ್ದಳು, ಮಡಚಿಟ್ಟ ಕುರ್ಚಿ, ದಿಂಬು, ಹೊದಿಕೆಗಳ ನಡುವಿನ ಆ ಇಕ್ಕಟ್ಟಿನಲ್ಲಿ ಜನ ನಿಜ ಹೇಳುತ್ತಾರೆ, ಅಕ್ಕ ಹೇಳಳು ಎಂದು ಅವಳಿಗೆ ಗೊತ್ತೇ ಇತ್ತು. ಏನೂ ಇಲ್ಲ ಕಣೇ, ಗುಂಡುಕಲ್ಲಿನ ಹಾಗಿದೀನಿ, ಬೇಕಾದ್ರೆ ನಿನ್ನನ್ನೇ ಎತ್ತಿ ಆಚೆ ಇಡ್ತೀನಿ. ಬೆನ್ನು ಹೇಗಿದೆ. ಹಿಂದೆ ಇದೆ. ಸೀನಿದಾಗ, ಕೆಮ್ಮಿದಾಗ ಚುಳ್ ಅಂದಿತ್ತಾ — ಅಕ್ಕನ ಕಣ್ಣು ಒಂದು ಕ್ಷಣ ಗೋಡೆಯ ಕಡೆ ಹೊರಳಿತು, ಇಷ್ಟೊಂದು ಕುರ್ಚಿ ಯಾಕೆ, ಇದೇನು ಯೋಗದ ಕ್ಲಾಸೋ ಸಿನಿಮಾ ಥಿಯೇಟರೋ. ಅಷ್ಟು ಸಾಕಾಯಿತು. ಬಟ್ಟೆ ಉದ್ದವಾಗಿಲ್ಲ, ಅಕ್ಕ ಕುಳ್ಳಗಾಗಿದ್ದಾಳೆ, ಮೂಳೆ ಒಳಗೊಳಗೇ ತೂತು ಬಿದ್ದರೆ ಬೆನ್ನಿನ ಮಣಿ ಸದ್ದಿಲ್ಲದೆ ಕುಸಿಯುತ್ತದೆ, ಎಷ್ಟೋ ಸಲ ನೋವೂ ಕೊಡದು, ಇಂಥ ಬೆನ್ನನ್ನು ಮುಂದಕ್ಕೆ ಗುಂಡಗೆ ಬಗ್ಗಿಸಿದರೆ ಒಣ ರಸ್ಕು ಮುರಿದ ಹಾಗೆ, ಕತ್ತಿನ ಮೇಲೆ ಭಾರ ಹೇರಿದರಂತೂ ಮಾತೇ ಬೇಡ. ಡಾಕ್ಟರಿಗೆ ತೋರಿಸದೆ ಇವತ್ತು ಸೇರಿಸಿಕೊಳ್ಳಲ್ಲ ಅನ್ನಬಹುದಿತ್ತು, ಬೇರೆ ಯಾರಿಗಾದರೂ ಅಂದೇ ಬಿಡುತ್ತಿದ್ದಳು, ಆದರೆ ಈಕೆ ಸಿಟ್ಟಿನಿಂದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಏನೇನು ಮಾಡುತ್ತಾಳೋ, ಇಲ್ಲಿದ್ದರೆ ಕಣ್ಣೆದುರಿಗಿರುತ್ತಾಳೆ, ಇರಲಿ, ನೋಡಿಕೊಳ್ಳುತ್ತೇನೆ, ಎಷ್ಟು ಜನರನ್ನು ನೋಡಿಕೊಂಡಿಲ್ಲ ಈ ಕೈ. ಒಂದು ಮಾತು ಅಕ್ಕ, ಇಲ್ಲಿ ನಾನು ಹೇಳಿದಷ್ಟೇ ಮಾಡಬೇಕು, ಹೇಳದ್ದು ಮಾಡಬಾರದು. ಅಕ್ಕ ನಕ್ಕಳು, ಆಯ್ತು ಟೀಚರ್.

ನಿಂತುಕೊಳ್ಳಿ, ಬರೀ ನಿಂತುಕೊಳ್ಳಿ, ಪಾದದ ಭಾರ ಎಲ್ಲಿದೆ ನೋಡಿ, ಅನ್ನುತ್ತ ಅವಳು ಸಾಲುಗಳ ನಡುವೆ ನಡೆಯುತ್ತಾಳೆ, ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು ಚಾಪೆಗಳ ಮೇಲೆ ಒಂದೊಂದೇ ಪಾದ ತೋರಿಸುತ್ತಿದೆ, ಮುಖ ಸುಳ್ಳು ಹೇಳುತ್ತದೆ, ಪಾದ ಹೇಳದು, ಡ್ರೈವರನ ಬಲಗಾಲು ಬ್ರೇಕಿನ ಮೇಲಿದ್ದ ಹಾಗೆ ಈಗಲೂ ಮುಂದಕ್ಕೆ ಒತ್ತುತ್ತಿದೆ, ಬ್ಯಾಂಕಿನವಳ ಪಾದ ಹೊಟ್ಟೆ ಬೆಳೆದಂತೆ ಅಗಲಕ್ಕೆ ಸರಿಯುತ್ತಿದೆ, ಸರಿಯಲಿ, ಅದೇ ಸರಿ, ಕೂಡಿಸಿ ನಿಲ್ಲಬೇಡಮ್ಮ, ಮಗುವಿಗೆ ಜಾಗ ಬಿಡು. ಆಚೆ ತುದಿಯಲ್ಲಿ ರಬ್ಬರ್ ಹುಡುಗಿ, ನೃತ್ಯ ಕಲಿಯುವವಳು, ಎಲ್ಲರೂ ಹೊಟ್ಟೆಕಿಚ್ಚು ಪಡುವ ಮೈ, ಬಗ್ಗು ಅನ್ನುವ ಮೊದಲೇ ಮಡಿಸಿದ ಟವೆಲಿನ ಹಾಗೆ ಎರಡಾಗುತ್ತಾಳೆ, ಅವಳದ್ದೇ ದೊಡ್ಡ ಚಿಂತೆ ಎಂದರೆ ಯಾರು ನಂಬುತ್ತಾರೆ, ಬಗ್ಗದವರಿಗೆ ಮೈಯೇ ಬ್ರೇಕು ಹಾಕುತ್ತದೆ, ಇವಳ ಕೀಲುಗಳಿಗೆ ಬ್ರೇಕೇ ಇಲ್ಲ, ಭುಜ ಎರಡು ಸಲ ಜಾರಿದೆ, ನಿನಗೆ ಇವತ್ತೂ ಬಗ್ಗೋದು ಅರ್ಧವೇ, ಮಂಡಿ ಸಡಿಲ, ಅರ್ಧಕ್ಕೆ ನಿಲ್ಲಿಸಿ ಬಿಗಿಹಿಡಿ. ಅರ್ಧಕ್ಕೆ ನಿಲ್ಲಿಸೋದು ಪೂರ್ತಿ ಮಾಡೋದಕ್ಕಿಂತ ಕಷ್ಟ ಮೇಡಂ. ಹೌದು, ಅದಕ್ಕೇ ಅದು ನಿನಗೆ. ಡ್ರೈವರು ಕುರ್ಚಿಯ ಬೆನ್ನು ಹಿಡಿದು, ನನಗೇನು ಮೇಡಂ ಅಂದ, ನಿಮಗೆ ಕುರ್ಚಿಯೇ ಸ್ಟಿಯರಿಂಗು, ಗಾಡಿ ಮುಂದಕ್ಕೆ ಬೇಡ, ನಿಧಾನಕ್ಕೆ ಹಿಂದಕ್ಕೆ, ಸೊಂಟ ಹಿಂದಕ್ಕೆ, ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ, ಅಕ್ಕನ ಕಣ್ಣು ರಬ್ಬರ್ ಹುಡುಗಿಯ ಮೇಲಿತ್ತು, ಓಟದ ಗೆರೆಯಲ್ಲಿ ನಿಂತವರು ಪಕ್ಕದವರನ್ನು ನೋಡುವ ನೋಟ, ಅಯ್ಯೋ ದೇವರೇ, ಈ ವಯಸ್ಸಲ್ಲಿ ಆ ಹುಡುಗಿಯ ಜೊತೆ ಪೈಪೋಟಿಗೆ ಬಿದ್ದಳು, ಆಗಲೇ ಬೆನ್ನು ಗೂನಾಗಿ ಕೈ ಕಾಲ್ಬೆರಳಿನತ್ತ ಇಳಿಯತೊಡಗಿದೆ.

ಓಡಿ ಹೋಗಲಿಲ್ಲ ಅವಳು, ಓಡಿದರೆ ಮೈಗಳು ಬೆಚ್ಚುತ್ತವೆ, ಎರಡು ದೊಡ್ಡ ಹೆಜ್ಜೆಯಲ್ಲಿ ತಲುಪಿ ಅಕ್ಕನ ಪಕ್ಕೆಲುಬಿನ ಕೆಳಗೆ ಅಂಗೈಯನ್ನು ತಟ್ಟೆಯ ಹಾಗೆ ಒಡ್ಡಿದಳು, ಒತ್ತಲಿಲ್ಲ, ಎತ್ತಲಿಲ್ಲ, ಸುಮ್ಮನೆ ಒಡ್ಡಿದಳು, ಇಲ್ಲಿಗೆ ಸಾಕು, ಮಂಡಿ ಬಗ್ಗಿಸು, ಎದೆ ಮುಂದಕ್ಕೆ. ನನ್ನ ಮರ್ಯಾದೆ ತೆಗೀಬೇಡ, ಅಂದಳು ಅಕ್ಕ ಹಲ್ಲು ಕಚ್ಚಿ, ಎಲ್ಲರೂ ನೋಡ್ತಿದಾರೆ. ಯಾರೂ ನೋಡ್ತಿಲ್ಲ, ಅವರವರ ಮೈ ಅವರವರಿಗೇ ಸಾಕಾಗಿದೆ. ಆದರೂ ಆ ಮಾತು ಅವಳಿಗೆ ತಾಕಿತು, ಎಲ್ಲರೂ ಗೋಡೆಯ ಹತ್ತಿರ ಬನ್ನಿ ಅಂದಳು, ಅಂಗೈ ಗೋಡೆಗೆ, ಕಾಲು ಹಿಂದಕ್ಕೆ, ಬೆನ್ನು ಮೇಜಿನ ಹಾಗೆ ಚಪ್ಪಟೆ, ಇವತ್ತು ಎಲ್ಲರಿಗೂ ಗೋಡೆಯೇ, ಹೀಗೆ ಮಾಡಿದರೆ ಅಕ್ಕ ಒಬ್ಬಳೇ ಬೇರೆಯಾಗಿ ಕಾಣುವುದಿಲ್ಲ, ಮೇಲಾಗಿ ಅದು ಎಲ್ಲರಿಗೂ ಒಳ್ಳೆಯದೇ. ಅಂಗೈಯಲ್ಲಿ ಅಕ್ಕನ ಉಸಿರು ಇನ್ನೂ ಉಳಿದಿತ್ತು, ಎಷ್ಟು ಸಣ್ಣ ಎದೆಗೂಡು, ಮುಟ್ಟಿ ಎಷ್ಟು ಕಾಲವಾಗಿತ್ತು ಈ ಮೈಯನ್ನು, ಚಿಕ್ಕವರಿದ್ದಾಗ ಅಕ್ಕನ ಬೆನ್ನ ಮೇಲೆ ಕೂತು ಹೊಳೆ ದಾಟಿದ್ದು, ಕತ್ತು ಹಿಸುಕಬೇಡ ಕೋತಿ, ಭುಜ ಹಿಡಿ — ಮುಟ್ಟುವುದನ್ನು ಕಲಿಯಲು ಅವಳಿಗೆ ವರ್ಷಗಳೇ ಹಿಡಿದಿದ್ದವು, ಅವಳಿಗೆ ಕಲಿಸಿದ ಗುರು ಮುಟ್ಟುತ್ತಿರಲಿಲ್ಲ, ಬೀಳುತ್ತಿದ್ದ, ಕೂತು ಬಗ್ಗಿದವರ ಬೆನ್ನಿನ ಮೇಲೆ ತನ್ನ ಇಡೀ ಭಾರ ಹಾಕಿ ಇನ್ನೂ ಹೋಗುತ್ತೆ, ಇನ್ನೂ ಹೋಗುತ್ತೆ ಅನ್ನುತ್ತಿದ್ದ, ಒಂದು ದಿನ ಅವಳ ತೊಡೆಯ ಹಿಂದೆ ಹಳೆ ಬಟ್ಟೆ ಹರಿದ ಹಾಗೆ ಏನೋ ಹರಿಯಿತು, ನೋಡಿದ್ಯಾ ಬಿಟ್ಟುಕೊಳ್ತು ಅಂತ ಗುರು ಮೆಚ್ಚಿ ಬೆನ್ನು ತಟ್ಟಿದ, ಮಳೆಗಾಲ ಪೂರ್ತಿ ಕುಂಟಿದಳು, ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ, ತನ್ನದೇ ಕ್ಲಾಸು ಶುರುಮಾಡಿದ ದಿನ ಅಂದುಕೊಂಡದ್ದು ಒಂದೇ, ಎರಡು ಬೆರಳಿನ ಭಾರಕ್ಕಿಂತ ಹೆಚ್ಚು ಯಾರ ಮೇಲೂ ಹಾಕುವುದಿಲ್ಲ.

ನೆಲಕ್ಕೆ ಬನ್ನಿ, ಮೊದಲು ಕುರ್ಚಿಗೆ, ಆಮೇಲೆ ಮಂಡಿಗೆ, ಆಮೇಲೆ ಪಕ್ಕಕ್ಕೆ ಒರಗಿ, ದಿಮ್ಮಿ ಉರುಳಿದ ಹಾಗೆ ಒಂದೇ ತುಂಡಾಗಿ ಹೊರಳಿ, ಅಕ್ಕ ಹೇಳಿದ ಹಾಗೇ ಮಾಡಿದಳು, ಪರವಾಗಿಲ್ಲವೇ ಅಂತ ಸಮಾಧಾನವಾಗಿ ಅವಳು ಬ್ಯಾಂಕಿನವಳ ಕಡೆ ತಿರುಗಿ ಎಡಮಗ್ಗುಲಿಗೆ ಮಲಗಿಸಿ ಮಂಡಿಗಳ ನಡುವೆ ದಿಂಬು ತೂರಿಸುತ್ತಿದ್ದಳು, ಇನ್ನೂ ಸ್ವಲ್ಪ ಮೇಲಕ್ಕೆ ಮೇಡಂ, ಹಾಂ, ಅಷ್ಟು, ಆಗ ಹಿಂದಿನಿಂದ ರಬ್ಬರ್ ಹುಡುಗಿಯ ಪಿಸುದನಿ, ಆಂಟಿ ಸರ್ವಾಂಗಾಸನ ಹಾಕ್ತಾರಾ. ತಿರುಗಿದಳು. ಅಕ್ಕ ಎರಡೂ ಅಂಗೈಯನ್ನು ಸೊಂಟದ ಕೆಳಗೆ ತೂರಿಸಿದ್ದಾಳೆ, ಪಾದ ನೆಲ ಬಿಟ್ಟಿದೆ, ಮಂಡಿ ಹೊಟ್ಟೆಯ ಕಡೆ ಬರುತ್ತಿದೆ, ಇನ್ನೊಂದು ಉಸಿರಿಗೆ ಕಾಲು ಝಾಡಿಸಿ ಮೈಯನ್ನೆಲ್ಲ ಕತ್ತಿನ ಮೇಲೆ ನಿಲ್ಲಿಸಿಬಿಡುತ್ತಾಳೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಜಿನ ಮೇಲೆ ಮಾಡಿ ತೋರಿಸುತ್ತಿದ್ದಳಲ್ಲ, ಮಕ್ಕಳು ಕೈ ನೋಯುವಂತೆ ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕ, ಪಾದ ನೆಲಕ್ಕಿಡು. ಕೂಗಲಿಲ್ಲ, ದನಿ ಏರಿಸಲೂ ಇಲ್ಲ, ದನಿ ತಾನಾಗಿ ಹೊಟ್ಟೆಯಿಂದ ಬಂತು. ಒಂದೇ ಸಲ, ಅಂದಳು ಅಕ್ಕ ಚಾವಣಿಗೆ. ಇಲ್ಲ. ನನಗೆ ಬರುತ್ತೆ ಕಣೇ, ನೀನು ಹುಟ್ಟೋಕೆ ಮುಂಚಿನಿಂದ ಬರುತ್ತೆ. ಬರುತ್ತೆ, ಗೊತ್ತು, ಆದರೂ ಇಲ್ಲ. ಹೊಲಿಗೆ ಯಂತ್ರವೂ ಆ ಹೊತ್ತಿಗೇ ನಿಂತಿತ್ತೋ ಅಥವಾ ಕಿವಿಯೇ ಕಟ್ಟಿತೋ, ಡ್ರೈವರು ಕುರ್ಚಿ ಹಿಡಿದುಕೊಂಡೇ ಉಳಿದ, ಅವಳು ನಡೆದು ಬಂದು ಅಕ್ಕನ ಮಂಡಿಯ ಮೇಲೆ ಎರಡು ಬೆರಳಿಟ್ಟಳು, ಹುಟ್ಟಿದಾಗಿನಿಂದ ಈ ಹೆಂಗಸಿಗೆ ಅವಳು ಇಲ್ಲ ಅಂದದ್ದುಂಟೇ, ಜಡೆ ಹಾಕಿಸಿಕೊ ಅಂದರೆ ಹಾಕಿಸಿಕೊಂಡಳು, ಓಡು ಅಂದರೆ ಓಡಿದಳು, ಈ ಹುಡುಗ ಬೇಡ ಅಂದರೆ ಬೇಡವಾಯಿತು, ಈಗ ನೋಡಿದರೆ ಇಲ್ಲ ಅನ್ನುವುದು ಎಷ್ಟು ಸಲೀಸು, ಸಿಟ್ಟಿಲ್ಲ, ಭಯವೂ ಇಲ್ಲ, ಇದು ತನ್ನ ಕಸುಬು, ಕಸುಬಿನಲ್ಲಿ ಅರ್ಧ ಭಾಗ ಇಲ್ಲ ಅನ್ನುವುದೇ. ಎರಡು ಬೆರಳಿನ ಕೆಳಗೆ ಮಂಡಿ ಸ್ವಲ್ಪ ಹೊತ್ತು ವಾದ ಮಾಡಿತು. ಆಮೇಲೆ ಒಂದು ಪಾದ ನೆಲಕ್ಕೆ ಬಂತು, ಆಮೇಲೆ ಇನ್ನೊಂದು.

ಎಲ್ಲರೂ ಕಣ್ಣು ಮುಚ್ಚಿ ಮಲಗಿ ಅಂದು ಅವಳು ಅಕ್ಕನ ಪಕ್ಕ ನೆಲದ ಮೇಲೆ ಕೂತಳು, ಅಕ್ಕ ಕಣ್ಣು ಮುಚ್ಚಲಿಲ್ಲ, ಮೂಳೆ ಜರಡಿ ಆಗಿದೆಯಂತೆ, ಅಂದಳು ಬಾಯಿ ಹೆಚ್ಚು ತೆರೆಯದೆ, ಮಣಿ ಕುಸಿದಿದೆಯಂತೆ, ಫೋಟೋ ತೆಗೆದು ತೋರಿಸಿದ ಡಾಕ್ಟರು, ಬಗ್ಗಬೇಡಿ, ಎತ್ತಬೇಡಿ, ಓಡಬೇಡಿ, ಬರೀ ಬೇಡ ಬೇಡ, ಮಾತ್ರೆ ನುಂಗಿಕೊಂಡು ಗೊಂಬೆ ಥರ ಕೂತ್ಕೋಬೇಕಂತೆ, ಆಗಲಿ, ಕೂತ್ಕೋತೀನಿ, ಅದಕ್ಕೆ ಮುಂಚೆ ಒಂದು ಸಲ ಕಾಲು ಮೇಲೆ ಮಾಡಿ ಮುಗಿಸಿಬಿಡೋಣ ಅಂತ ಬಂದೆ. ಮನೇಲೇ ಮಾಡಬಹುದಿತ್ತಲ್ಲ, ಅಲ್ಲಿ ಯಾರೂ ಅಡ್ಡ ಬರ್ತಿರಲಿಲ್ಲ. ಅಕ್ಕನ ಕಣ್ಣಿನ ಮೂಲೆಯಿಂದ ನೀರು ಕಿವಿಯತ್ತ ಇಳಿಯಿತು, ಒರೆಸಿಕೊಳ್ಳಲಿಲ್ಲ. ಭಯ ಆಯ್ತು ಕಣೇ, ಹಾಸಿಗೆ ಮೇಲೆ ಮಲಗಿ ಕಾಲೆತ್ತೋಕೆ ಹೋದೆ, ಆಗಲಿಲ್ಲ, ಇಲ್ಲಾದರೆ ನೀನಿರ್ತೀಯಲ್ಲ ಅಂತ.

ನೀನಿರ್ತೀಯಲ್ಲ — ಅವಳು ಎದ್ದು ಎರಡು ಹೊದಿಕೆ ತಂದಳು, ಗೋಡೆಯ ಪಕ್ಕ ಮಡಚಿ ಹಾಸಿ ಬಾ ಈ ಕಡೆ ಅಂದಳು, ಅಕ್ಕ ದಿಮ್ಮಿಯ ಹಾಗೆ ಹೊರಳಿ, ಕುರ್ಚಿ ಹಿಡಿದು ಎದ್ದು, ನಾಲ್ಕು ಹೆಜ್ಜೆ ಬಂದು, ಮತ್ತೆ ಅದೇ ಕ್ರಮದಲ್ಲಿ ಮಲಗಿದಳು, ಒಂದಕ್ಕೂ ಎದುರು ಮಾತಾಡಲಿಲ್ಲ, ಬೆನ್ನು ಪೂರ್ತಿ ನೆಲಕ್ಕೆ, ತಲೆಯಡಿ ಹೊದಿಕೆಯ ತೆಳ್ಳನೆ ಮಡಿಕೆ, ಸೊಂಟ ಗೋಡೆಯಿಂದ ಒಂದು ಮೊಳ ದೂರ, ನೀನು ಏನೂ ಮಾಡಬೇಡ, ಭಾರ ನನಗೆ ಕೊಡು, ಎಂದು ಒಂದು ಹಿಮ್ಮಡಿಯನ್ನು ಅಂಗೈಯಲ್ಲಿ ಎತ್ತಿ ಗೋಡೆಗೆ ಒರಗಿಸಿದಳು, ಆಮೇಲೆ ಇನ್ನೊಂದನ್ನು, ಪ್ಯಾಂಟು ಜಾರಿ ಮಂಡಿಗೆ ಬಂತು, ಓಟಗಾತಿಯ ಮೀನಖಂಡ ಇನ್ನೂ ಹಾಗೇ ಇದೆ. ನೋಡು, ಕಾಲು ಮೇಲಿದೆ. ಇದೂ ಒಂದು ಲೆಕ್ಕವಾ, ಅಂದಳು ಅಕ್ಕ, ಆದರೆ ದನಿ ಮೆತ್ತಗಾಗಿತ್ತು, ಹೊಟ್ಟೆ ಏರಿ ಇಳಿಯುತ್ತಿತ್ತು. ಗೊಂಬೆ ಥರ ಯಾಕೆ ಕೂರ್ತೀಯಾ, ನಾಳೆ ಆ ಡಾಕ್ಟರನ್ನು ಇಬ್ಬರೂ ಹೋಗಿ ಕೇಳೋಣ, ಏನು ಬೇಡ ಅಂತಲ್ಲ, ಏನು ಬೇಕು ಅಂತ, ಗೋಡೆ ತಳ್ಳೋದು, ಕುರ್ಚಿಯಿಂದ ಕೈ ಊರದೆ ಏಳೋದು, ಬೋರಲು ಮಲಗಿ ಎದೆ ಒಂಚೂರು ಎತ್ತೋದು, ಮೂಳೆಗೂ ಕೆಲಸ ಕೊಟ್ಟರೇ ಅದು ಗಟ್ಟಿಯಾಗಿ ನಿಲ್ಲೋದು, ಅಕ್ಕ ಹ್ಞೂಂ ಅಂದಳು, ಅಷ್ಟೇ. ಈಗ ಉಳಿದವರನ್ನು ನೋಡಬೇಕು, ಡ್ರೈವರು ಗೊರಕೆ ಶುರುಮಾಡಿದ್ದಾನೆ, ಬ್ಯಾಂಕಿನವಳಿಗೆ ಹೊದಿಕೆ ಸಾಲದು, ಕೆಳಗೆ ಯಂತ್ರ ಮತ್ತೆ ಓಡುತ್ತಿದೆ, ನಾಳೆ ಕುರ್ಚಿಗಳಿಗೆ ರಬ್ಬರ್ ಬುಡ ಹಾಕಿಸಬೇಕು, ಆದರೆ ಕಣ್ಣು ಗೋಡೆ ಬಿಡದು, ಸುಣ್ಣದ ಮೇಲೆ ಅಕ್ಕನ ಎರಡು ಪಾದ, ಬಿರುಕು ಬಿಟ್ಟ ಹಿಮ್ಮಡಿ, ಬೂಟು ತಿಂದು ಸೊಟ್ಟಗಾದ ಕಿರುಬೆರಳು, ಎಲ್ಲರಿಗಿಂತ ಮೇಲೆ, ಹೊದಿಕೆ ತರಬೇಕು, ಬೆರಳುಗಳು ಮೊದಲು ಮುಷ್ಟಿಯ ಹಾಗೆ ಬಿಗಿದುಕೊಂಡಿದ್ದವು, ಈಗ ಒಂದು ಬಿಟ್ಟುಕೊಂಡಿತು, ಡ್ರೈವರನ್ನು ಎಬ್ಬಿಸಬೇಕು, ಇನ್ನೊಂದು ಬಿಟ್ಟುಕೊಂಡಿತು, ಅಕ್ಕನ ಬೆರಳುಗಳು, ಗೋಡೆಯ ಮೇಲೆ, ಒಂದೊಂದೇ ಅಗಲವಾಗುತ್ತ, ಅಕ್ಕನ ಬೆರಳುಗಳು